ಮೊದಲು ಪುಸ್ತಕದ ಬೆನ್ನು ನೋಡಿ, ಆಮೇಲೆ ಚಿತ್ರ

ಹೋದ ವರ್ಷ ದೀಪಾವಳಿ ರಜೆಗೆ ಬಂದ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಒಂದು ದಪ್ಪ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. 365 ಕಥೆ, ದಿನಕ್ಕೊಂದು. ಪುಟಪುಟಕ್ಕೂ ಬಣ್ಣದ ಚಿತ್ರ, ಗಟ್ಟಿ ರಟ್ಟು, ಮೇಲೆ ಹೊಳೆಯುವ ಲ್ಯಾಮಿನೇಷನ್. ಪುಸ್ತಕ ಪ್ರದರ್ಶನದಲ್ಲಿ ಅಳಿಯಂದಿರು ಕೊಡಿಸಿದ್ದು. ಹಿಂದಿನ ರಟ್ಟಿನ ಮೇಲೆ 699 ರೂಪಾಯಿ ಅಂತ ಅಚ್ಚಾಗಿತ್ತು, ಕೊಟ್ಟದ್ದು 350ಕ್ಕೆ. “ಆಯಿ, ಇಡೀ ವರ್ಷಕ್ಕ ಸಾಲ್ತಾವು” ಅಂದಳು. ಎರಡನೇ ಇಯತ್ತೆಯ ಹುಡುಗಿ, ಆಗತಾನೇ ಕೂಡಿಸಿ ಕೂಡಿಸಿ ಓದಲು ಕಲಿತಿದ್ದಾಳೆ.

ಪುಸ್ತಕ ಕೈಗೆ ಬಂದರೆ ನಾನು ಮೊದಲ ಪುಟ ತೆರೆಯುವುದಿಲ್ಲ. ನೆಟ್ಟಗೆ ನಿಲ್ಲಿಸಿ ಬೆನ್ನಿನ ತಲೆ, ಅಂದರೆ ಹಾಳೆಗಳು ಕೂಡುವ ಅಂಚಿನ ಮೇಲ್ತುದಿ, ನೋಡುತ್ತೇನೆ. ಗದಗಿನ ಒಂದು ಪ್ರೆಸ್ಸಿನ ಬೈಂಡಿಂಗ್ ಖೋಲಿಯಲ್ಲಿ 31 ವರ್ಷ ಕೂತು ಬಂದ ರೂಢಿ ಅದು. ನಮ್ಮೂರನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ಆ ಹೆಸರಿನ ಒಂದು ಪಾಲು ಫಾರಂ (ಅಚ್ಚಾದ ದೊಡ್ಡ ಹಾಳೆ) ಮಡಚಿ, ಜೋಡಿಸಿ, ಹೊಲಿದ ಹೆಣ್ಣುಮಕ್ಕಳ ಬೆರಳಿಗೂ ಸೇರಬೇಕು ಅಂತ ನಾನು ತಿಳಿದಿದ್ದೇನೆ. ಶಾಲೆಯ ಪಠ್ಯ, ಪುರಾಣ, ಪಂಚಾಂಗ, ಲೆಕ್ಕದ ವಹಿ, ಮಕ್ಕಳ ಕಥೆ, ಎಲ್ಲ ನಮ್ಮ ಕೈಯಿಂದ ದಾಟಿ ಹೋದವು. ಅದಕ್ಕೇ ಸಚಿತ್ರ ಕಥಾಸಂಕಲನಗಳ ಬಗ್ಗೆ ಬರೆಯಲು ಕೂತಾಗ ಕಥೆಗಿಂತ ಮೊದಲು ಹೊಲಿಗೆ ನೆನಪಾಗುತ್ತದೆ. ಮಗುವಿಗೂ ಅದೇ ಮೊದಲು ಗೊತ್ತಾಗುವುದು. ಪುಸ್ತಕ ತೊಡೆಯ ಮೇಲೆ ತಾನಾಗಿ ಅಂಗಾತ ಬಿದ್ದುಕೊಳ್ಳುತ್ತದೋ, ಇಲ್ಲ ಎರಡು ಕೈಯಿಂದ ಅದುಮಿ ಹಿಡಿಯಬೇಕೋ ಅನ್ನುವುದು.

ಆ ಪುಸ್ತಕದ ಬೆನ್ನಿನ ತಲೆಯಲ್ಲಿ ಫಾರಂಗಳ ಮಡಿಕೆ ಕಾಣಲಿಲ್ಲ. ಹೊಲಿದ ಪುಸ್ತಕವಾದರೆ ಅಲ್ಲಿ 8 ಹಾಳೆಯ ಕಟ್ಟುಗಳು ಸಣ್ಣ ಸಣ್ಣ ಕಮಾನಿನಂತೆ ಸಾಲಾಗಿ ಕಾಣುತ್ತವೆ. ಒಂದು ಫಾರಂ ಅಂದರೆ 16 ಪುಟ. ಅದರ ನಡುಮಡಿಕೆ ತೆರೆದರೆ ದಾರ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಾಳೆಗಳೆಲ್ಲ ಬಿಡಿಬಿಡಿ. ಬೆನ್ನನ್ನು ಕತ್ತರಿಸಿ, ಬಿಸಿ ಗೋಂದು ಹಚ್ಚಿ, ಅದರ ಮೇಲೆ ರಟ್ಟು ಹೊದಿಸಿದ್ದರು. ಪರ್ಫೆಕ್ಟ್ ಬೈಂಡಿಂಗ್ ಅನ್ನುತ್ತೇವೆ ಅದನ್ನು. ಕಾದಂಬರಿಗೆ, ಗೈಡಿಗೆ, ತೆಳು ಕಾಗದಕ್ಕೆ ಅದು ನಡೆಯುತ್ತದೆ. ಆದರೆ ಮಕ್ಕಳ ಸಂಕಲನಕ್ಕೆ ಬಳಸುವುದು ನುಣುಪಾದ ಆರ್ಟ್ ಪೇಪರ್. ಅದರ ಮೇಲ್ಮೈಗೆ ಹಚ್ಚಿದ ಲೇಪ ಇರುತ್ತದಲ್ಲ, ಗೋಂದು ಹಿಡಿಯುವುದು ಆ ಲೇಪವನ್ನೇ ಹೊರತು ಒಳಗಿನ ನಾರನ್ನಲ್ಲ. ಹಾಳೆ ಬೇರೆ ಭಾರ. ಹತ್ತು ಸಲ ಅಗಲಿಸಿ ಹಿಡಿದರೆ ಒಂದೊಂದೇ ಹಾಳೆ ಕೈಗೆ ಬರುತ್ತದೆ. ಮೇಲಿನ ರಟ್ಟು ಗಟ್ಟಿ ಇದ್ದರೆ ಒಳಗೂ ಹೊಲಿಗೆ ಇದೆ ಅಂತ ಕೊಳ್ಳುವವರು ನಂಬುತ್ತಾರೆ. ಇಂಥ ಪುಸ್ತಕಗಳ ವಿಷಯದಲ್ಲಿ ನನಗಿರುವ ಒಂದು ನೋವು ಅದು.

ರಜೆಯ ಎಂಟನೇ ದಿನ ಪುಸ್ತಕ ಒಡೆಯಿತು. ನಡುವಿನ ನಾಲ್ಕು ಹಾಳೆ ಒಟ್ಟಿಗೇ ಕಿತ್ತು ಬಂದವು. ಹುಡುಗಿ ತನ್ನಿಂದಲೇ ಹರಿಯಿತು ಅಂತ ಹೆದರಿ ಹಾಳೆಗಳನ್ನು ದಿಂಬಿನ ಕೆಳಗೆ ಇಟ್ಟಿದ್ದಳು. ನಿನ್ನ ತಪ್ಪಲ್ಲವ್ವಾ ಅಂತ ತಿಳಿಸಿ ಹೇಳಲು ನನಗೆ ಒಂದು ಸಂಜೆಯೇ ಬೇಕಾಯಿತು. ಅಗ್ಗದ ಬೈಂಡಿಂಗಿನಿಂದ ಪುಸ್ತಕ ಹಾಳಾದರೆ ಹಣ ಹೋಗುವುದಷ್ಟೇ ಅಲ್ಲ, ಮಗು ಪುಸ್ತಕ ಮುಟ್ಟಲು ಅಂಜುತ್ತದೆ.

ಇನ್ನು ಚಿತ್ರ. ಮಂಗ ಮತ್ತು ಮೊಸಳೆಯ ಕಥೆ ಓದುತ್ತಿದ್ದೆವು. ಹೊಳೆಯ ದಂಡೆಯ ನೇರಳೆ ಮರ, ಮಂಗ ಹಣ್ಣು ಕೆಡವುವುದು, ಮೊಸಳೆ ತಿನ್ನುವುದು. ಸಾಲಿನಲ್ಲಿ ನೇರಳೆ ಅಂತ ಇದೆ, ಚಿತ್ರದಲ್ಲಿ ಕೆಂಪಗೆ ಗುಂಡಗೆ ಹೊಳೆಯುವ ಹಣ್ಣು.

“ಆಯಿ, ನೇರಳಿ ಕೆಂಪ ಇರ್ತಾವೇನು?”

“ಇಲ್ಲವಾ, ಕರ್ರಗ ಇರ್ತಾವ. ತಿಂದ್ರ ನಾಲಿಗಿ ನೀಲಿ ಆಗತೈತಿ.”

“ಮತ್ತ ಇದು ಸೇಬು ಐತಲ್ಲ.”

ಸೇಬೇ ಅದು. ಯಾವುದೋ ಬೇರೆ ಕಥೆಗೆ ಬರೆದ ಮರವನ್ನು ತಂದು ಇಲ್ಲಿ ನಿಲ್ಲಿಸಿದ್ದರು. ಮುಂದಿನ ವಾರ ಅವಳೇ ಇನ್ನೊಂದನ್ನು ಹಿಡಿದಳು. ಕಟ್ಟಿಗೆ ಹೊತ್ತ ಒಬ್ಬ ಮುದುಕಿಯ ಚಿತ್ರ ನಾಲ್ಕು ಕಥೆಗಳಲ್ಲಿ ಬಂದಿತ್ತು, ಅದೇ ಸೀರೆ, ಅದೇ ಬಾಗಿದ ಬೆನ್ನು. “ಈ ಮುದುಕಿ ಆ ಕಥಿಯೊಳಗ ಸತ್ತಿದ್ಲಲ್ಲ ಆಯಿ, ಮತ್ತ ಇಲ್ಲಿ ಹೆಂಗ ಬಂದ್ಲು?” ಅಂತ ಕೇಳಿದಳು. ನಾನು ಏನು ಹೇಳಲಿ? ಈ ಪುಸ್ತಕಕ್ಕೆ ಚಿತ್ರಕಾರ ಅಂತ ಒಬ್ಬರಿಲ್ಲ ಅಂತ ಅವಳಿಗೆ ಹೇಗೆ ಹೇಳುವುದು? ಎರಡನೇ ಪುಟದಲ್ಲಿ ಪ್ರಕಾಶಕರ ಹೆಸರಿದೆ, ಮುದ್ರಕರ ಹೆಸರಿದೆ, ಬೆಲೆ ಇದೆ. ಬರೆದವರ, ಕನ್ನಡಿಸಿದವರ, ಚಿತ್ರ ತೆಗೆದವರ ಹೆಸರು ಎಲ್ಲೂ ಇಲ್ಲ.

ಅಕ್ಷರದ ಮಾತು ಹೇಳದೆ ಬಿಟ್ಟರೆ ನನ್ನ ಕೆಲಸಕ್ಕೆ ದ್ರೋಹ ಮಾಡಿದಂತೆ. ಬಣ್ಣದ ಪುಸ್ತಕಕ್ಕೆ ಅಚ್ಚಿನ ನಾಲ್ಕು ಪ್ಲೇಟು, ಬಣ್ಣಕ್ಕೊಂದು: ನೀಲಿ, ಕೆಂಪು, ಹಳದಿ, ಕಪ್ಪು. ಒಂದೇ ಪುಸ್ತಕವನ್ನು ಹಲವು ಭಾಷೆಯಲ್ಲಿ ತರುವವರು ಬಣ್ಣದ ಮೂರು ಪ್ಲೇಟು ಹಾಗೇ ಇಟ್ಟು, ಅಕ್ಷರವಿರುವ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೊಂದರಂತೆ ಬದಲಿಸುತ್ತಾರೆ. ಒಳ್ಳೆಯ ಉಪಾಯ. ಅದರಿಂದಲೇ ಕನ್ನಡದಂಥ ಭಾಷೆಗೂ ಬಣ್ಣದ ಪುಸ್ತಕ ಕೈಗೆಟುಕುವ ಬೆಲೆಗೆ ಸಿಗುವುದು. ಆದರೆ ಅಕ್ಷರಕ್ಕೆ ಬಿಟ್ಟ ಜಾಗ ಇಂಗ್ಲಿಷಿನ ಅಳತೆಯದಾಗಿದ್ದರೆ ಕನ್ನಡ ಅದರಲ್ಲಿ ಹಿಡಿಯುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು, ತಲೆಕಟ್ಟು ಇವೆ, ಸಾಲಿನ ನಡುವೆ ಗಾಳಿ ಬೇಕು. ಈ ಪುಸ್ತಕದಲ್ಲಿ ಅಕ್ಷರ ಸಣ್ಣದು ಮಾಡಿ, ಸಾಲು ಒತ್ತೊತ್ತಿ, ‘ಶಕ್ತಿ’ಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತೆ ಕೂರಿಸಿದ್ದರು. ಕೆಲವೆಡೆ ಫಾಂಟ್ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಓದಲು ಕಲಿಯುತ್ತಿರುವ ಮಗು ಅಚ್ಚಿನ ತಪ್ಪನ್ನು ತಪ್ಪು ಅಂತ ಗುರುತಿಸುವುದಿಲ್ಲ. ತನಗೇ ಓದಲು ಬರುವುದಿಲ್ಲ ಅಂದುಕೊಳ್ಳುತ್ತದೆ. ನಾನು ಪೆನ್ಸಿಲು ಹಿಡಿದು 40 ಪುಟ ತಿದ್ದಿದೆ, ಆಮೇಲೆ ಕೈ ಸೋತಿತು.

ಪ್ರಕಾಶಕರ ಹೆಸರಿದ್ದ ಆ ಎರಡನೇ ಪುಟದಲ್ಲಿ, ಸಣ್ಣಕ್ಷರದಲ್ಲಿ, ಇಂಗ್ಲಿಷಿನಿಂದ ಅನುವಾದ ಅಂತ ಇತ್ತು. ಒಳಗೆ ಮುಕ್ಕಾಲು ಪಾಲು ಪಂಚತಂತ್ರ, ಜಾತಕ, ಈಸೋಪ. ಪಂಚತಂತ್ರಕ್ಕೆ ಇಂಗ್ಲಿಷ್ ಸುತ್ತಿ ಬರಬೇಕೇ? ಈಗಿನ ನಮ್ಮ ಗದಗ ಜಿಲ್ಲೆಯ ಸೀಮೆಯವನೇ ಆದ ದುರ್ಗಸಿಂಹ 11ನೇ ಶತಮಾನದಲ್ಲೇ ಅದನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಅವನು ಹಿಡಿದದ್ದು ವಿಷ್ಣುಶರ್ಮನ ದಾರಿಯನ್ನೂ ಅಲ್ಲ, ಪಂಚತಂತ್ರದ ಇನ್ನೊಂದು ಪಾಠ ಬರೆದ ವಸುಭಾಗಭಟ್ಟನದು. ಇದನ್ನು ನಮ್ಮ ಪ್ರೆಸ್ಸಿಗೆ ಪ್ರೂಫ್ ನೋಡಲು ಬರುತ್ತಿದ್ದ ಒಬ್ಬ ಮಾಸ್ತರರು ಹೇಳಿಕೊಟ್ಟದ್ದು. ಸಾವಿರ ವರ್ಷದಿಂದ ಕನ್ನಡದಲ್ಲಿ ಮಾತಾಡುತ್ತಿರುವ ನರಿಗಳು ಈ ದಪ್ಪ ಪುಸ್ತಕದಲ್ಲಿ “ಓ ನನ್ನ ಪ್ರಿಯ ಸ್ನೇಹಿತನೇ” ಅಂತ ಶುರುಮಾಡಿದರೆ ನನ್ನ ಕಿವಿಗೆ ಕಲ್ಲು ಬಿದ್ದಂತಾಗುತ್ತದೆ.

ಆದರೆ ನನಗೆ ಹೆಚ್ಚು ನೋವಾದದ್ದು ಗುಬ್ಬಿ ಕಾಗೆಯ ಕಥೆ ನೋಡಿ. ಕಾಗೆಗೆ ಸಗಣಿ ಮನೆ, ಗುಬ್ಬಿಗೆ ಕಲ್ಲಿನ ಮನೆ. ಮಳೆಗೆ ಕಾಗೆಯ ಮನೆ ಕರಗಿ ಹೋಗುತ್ತದೆ. ಅದು ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. “ಗುಬ್ಬವ್ವಾ ಗುಬ್ಬವ್ವಾ, ಬಾಗಲಾ ತಗಿ.” “ತಡಿಯವ್ವಾ, ಕೂಸಿಗೆ ಎರಿಯಾಕತ್ತೀನಿ.” ಮತ್ತೆ ಬಡಿಯುತ್ತದೆ. “ತಡಿಯವ್ವಾ, ಕೂಸಿಗೆ ಅಂಗಿ ತೊಡಿಸಾಕತ್ತೀನಿ.” ಮತ್ತೆ. “ತಡಿಯವ್ವಾ, ಕೂಸಿಗೆ ಕಾಡಿಗಿ ಹಚ್ಚಾಕತ್ತೀನಿ.” ನನ್ನ ಅವ್ವ ಈ ಕಥೆ ಹೇಳುವಾಗ ಬಾಗಿಲು ಏಳು ಸಲ ಬಡಿಯುತ್ತಿತ್ತು. ಪ್ರತಿ ಸಲವೂ ಅವ್ವ ನೆಲಕ್ಕೆ ಬೆರಳ ಗಣಿಕೆಯಿಂದ ಟಕ್ ಟಕ್ ಅನ್ನಿಸುತ್ತಿದ್ದಳು. ಹೊರಗೆ ಮಳೆ, ಒಳಗೆ ಕೂಸು, ನಡುವೆ ಬಾಗಿಲು, ಅಷ್ಟೇ ಕಥೆ. ಆ ಪುಸ್ತಕದಲ್ಲಿ ಇದು ಒಂಬತ್ತು ಸಾಲು: ಕಾಗೆ ಬಂದು ಬಾಗಿಲು ತಟ್ಟಿತು, ಗುಬ್ಬಿ ತಡವಾಗಿ ತೆರೆಯಿತು. ಕೆಳಗೆ ನೀತಿ ದಪ್ಪಕ್ಷರದಲ್ಲಿ. 365 ಕಥೆ ತುಂಬಬೇಕು, ಕಥೆಗೆ ಅರ್ಧ ಪುಟ. ಹೀಗಾಗಿ ಬಾಗಿಲು ಬಡಿಯಲು ಜಾಗವೇ ಉಳಿದಿಲ್ಲ. ಚಿತ್ರವೋ, ಬಿಸಿಲಲ್ಲಿ ಕೊಂಬೆಯ ಮೇಲೆ ಕೂತು ನಗುವ ಎರಡು ಹಕ್ಕಿ.

ಹೀಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಆದರೆ ಹೋಲಿಸಿ ನೋಡಲು ನನ್ನ ಬಳಿ ಒಂದು ಸಂಪುಟ ಇದೆ. ಗ್ರಂಥಾಲಯಗಳಿಂದ ‘ಚಂದಮಾಮ’ದ ಹಳೆಯ ಸಂಚಿಕೆಗಳು ನಮ್ಮಲ್ಲಿಗೆ ಬೈಂಡಿಂಗಿಗೆ ಬರುತ್ತಿದ್ದವು, ವರ್ಷದ 12 ಸಂಚಿಕೆ ಸೇರಿಸಿ ಒಂದು ಸಂಪುಟ. ಪಿನ್ನು ಬಿಚ್ಚಿ, ಹರಿದ ಮಡಿಕೆಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಟೇಪಿನ ಮೇಲೆ ಹೊಲಿದು, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಹಚ್ಚುತ್ತಿದ್ದೆವು. ಮನೆಯಲ್ಲಿ ಒಟ್ಟುಮಾಡಿದ್ದ ಸಂಚಿಕೆಗಳನ್ನೂ ನಾನು ಹಾಗೇ ಕಟ್ಟಿಕೊಂಡೆ. ಮದ್ರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, ಎರಡು ವರ್ಷಕ್ಕೆ ಕನ್ನಡಕ್ಕೆ ಬಂದ ಪತ್ರಿಕೆ ಅದು. ಅದರಲ್ಲಿ ಚಿತ್ರಕಾರರು ಸಂಬಳದ ಮೇಲೆ ಕೂತು ಬರೆಯುತ್ತಿದ್ದರು. ಶಂಕರ್ ಅವರು 1950ರ ದಶಕದಲ್ಲಿ ಸೇರಿದವರು ದಶಕಗಟ್ಟಲೆ ಅಲ್ಲೇ ಬರೆದರು, 2020ರಲ್ಲಿ 97ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಗಲ ಮೇಲೆ ಬೇತಾಳ, ಕೈಯಲ್ಲಿ ಖಡ್ಗ ಹಿಡಿದು ನಡೆಯುವ ಅವರ ವಿಕ್ರಮಾದಿತ್ಯನನ್ನು ಮರೆತ ಕನ್ನಡಿಗರು ಕಡಿಮೆ. ಮೈಸೂರಿನ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನು ಮರು ಬೈಂಡಿಂಗ್ ಮಾಡುವಾಗ ನಾನು ಕತ್ತರಿ ಹಿಡಿಯುತ್ತಲೇ ಇರಲಿಲ್ಲ. ಅಂಚು ಒಂದು ನೂಲು ಹೋದರೂ ರಥದ ಗಾಲಿ ಹೋಗುತ್ತದೆ.

ಆ ಸಂಪುಟ ತೆಗೆದು ಮೊಮ್ಮಗಳಿಗೆ ತೋರಿಸಿದೆ. ಒಂದು ಕಥೆಯಲ್ಲಿ ವ್ಯಾಪಾರಿಯ ಮೂಗು ಉದ್ದ, ಮೊದಲ ಪುಟದಲ್ಲೂ ಉದ್ದ, ಕೊನೆಯ ಪುಟದಲ್ಲಿ ಅವನು ಸೋತು ತಲೆ ತಗ್ಗಿಸಿದಾಗಲೂ ಅದೇ ಮೂಗು. ಪಗಡಿ ಮಾತ್ರ ಜಾರಿದೆ. ಪಗಡಿ ಜಾರಿದ್ದು ಕಥೆಯಲ್ಲಿ ಬರೆದಿಲ್ಲ, ಚಿತ್ರಕಾರರು ಓದಿ, ತಮ್ಮದೊಂದು ಸೇರಿಸಿದ್ದು. ಅದನ್ನು ಹುಡುಗಿಯೇ ಕಂಡುಹಿಡಿದು ಕಿರುಚಿದಳು. ಸಚಿತ್ರ ಸಂಕಲನ ಚೆನ್ನಾಗಿದೆಯೋ ಇಲ್ಲವೋ ಅನ್ನಲು ನನ್ನ ಅಳತೆಗೋಲು ಈಗ ಇದೊಂದೇ: ಚಿತ್ರ ಬರೆದವರು ಕಥೆ ಓದಿದ್ದರೇ? ಓದಿದ್ದರೆ ಎಲ್ಲೋ ಒಂದು ಪಗಡಿ ಜಾರಿರುತ್ತದೆ.

‘ಚಂದಮಾಮ’ದಲ್ಲಿ ಅವಳಿಗೆ ಒಗ್ಗದ್ದೂ ಇತ್ತು. ಅಕ್ಷರ ಚಿಕ್ಕದು, ಕಥೆ ಉದ್ದ, ಪುಟದ ತುಂಬ ರಾಜರು. “ಹುಡುಗೀರು ಬರೇ ಮದಿವಿ ಆಗಾಕ ಬರ್ತಾರ” ಅಂದಳು. ಅವಳ ಮಾತು ಖರೆ. ರಾಕ್ಷಸನ ಒಂದು ಚಿತ್ರಕ್ಕೆ ಅವಳ ನಾಲ್ಕು ವರ್ಷದ ತಮ್ಮ ರಾತ್ರಿ ಎದ್ದು ಅತ್ತ.

ಹಾಗಾದರೆ ಕೊಳ್ಳುವುದು ಏನು? ನಾನು ಎರಡು ತಿಂಗಳು ಹುಡುಕಿ, ಕೈಯಲ್ಲಿ ಹಿಡಿದು, ಮಡಚಿ ನೋಡಿ ಬಂದ ತೀರ್ಮಾನ ಹೇಳುತ್ತೇನೆ. ಏಳೆಂಟು ವರ್ಷದ ಒಳಗಿನ ಮಕ್ಕಳಿಗೆ ದಪ್ಪ ಸಂಕಲನ ಬೇಡ. ಒಂದೊಂದೇ ಕಥೆಯ ತೆಳು ಪುಸ್ತಕ ತನ್ನಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ ಕನ್ನಡದಲ್ಲಿ ಸಿಗುತ್ತದೆ. ಕಾಗದ ಸಾದಾ, ಹೊಳಪಿಲ್ಲ, ಅದೇ ಒಳ್ಳೆಯದು, ಟ್ಯೂಬ್‌ಲೈಟಿನ ಬೆಳಕು ಚಿತ್ರದ ಮೇಲೆ ಕುಣಿಯುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ತರುತ್ತಿದೆ. ಓದುವ ಮಟ್ಟವನ್ನು 1ರಿಂದ 4ರವರೆಗೆ ರಟ್ಟಿನ ಮೇಲೇ ಗುರುತು ಹಾಕುತ್ತಾರೆ. 1 ಅಂದರೆ ಪುಟಕ್ಕೆ ಒಂದೆರಡು ಸಾಲು, 4 ಅಂದರೆ ತಾನೇ ಸರಾಗವಾಗಿ ಓದುವ ಮಗುವಿಗೆ. ಬರೆದವರ, ಚಿತ್ರಕಾರರ, ಕನ್ನಡಕ್ಕೆ ತಂದವರ ಹೆಸರು ಎದ್ದು ಕಾಣುವಂತೆ ಹಾಕುತ್ತಾರೆ. ನನ್ನ ಮೊಮ್ಮಗಳು ಈಗ ಪುಸ್ತಕ ತೆರೆದ ಕೂಡಲೇ ‘ಚಿತ್ರ ಯಾರ್ದು’ ಅಂತ ಹುಡುಕುತ್ತಾಳೆ. ಅವರದೇ ಸ್ಟೋರಿವೀವರ್ ತಾಣ 2015ರಿಂದ ಇದೆ. ಅಲ್ಲಿ ಕನ್ನಡದ ಕಥೆಗಳನ್ನು ಚಿತ್ರಸಮೇತ ಪುಕ್ಕಟೆ ಓದಬಹುದು, ಇಳಿಸಿಕೊಳ್ಳಬಹುದು, ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಅಚ್ಚೂ ಹಾಕಿಸಬಹುದು, ಬರೆದವರ ಹೆಸರು ಬಿಡಬಾರದು ಅಷ್ಟೇ. ಅನುವಾದದ ಮಟ್ಟ ಅಲ್ಲಿ ಒಂದೇ ಸಮ ಇಲ್ಲ. ಯಾರು ಬೇಕಾದರೂ ಅನುವಾದಿಸಬಹುದಾದ ತಾಣವಾದ್ದರಿಂದ ಮಗುವಿಗೆ ಕೊಡುವ ಮೊದಲು ನೀವೊಮ್ಮೆ ಗಟ್ಟಿಯಾಗಿ ಓದಿ ನೋಡಿ.

ಇವೆಲ್ಲ ಸೆಂಟರ್ ಪಿನ್ ಪುಸ್ತಕಗಳು. ನಡುವೆ ಎರಡು ಪಿನ್ನು, ಪೂರ್ತಿ ಅಂಗಾತ ತೆರೆಯುತ್ತವೆ. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಆನೆಯ ಸೊಂಡಿಲು ಬೆನ್ನಿನ ಸಂದಿಯಲ್ಲಿ ಮುಳುಗುವುದಿಲ್ಲ.

ದಪ್ಪದ್ದೇ ಬೇಕು ಅನ್ನುವವರಿಗೆ ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ ಹೇಳುತ್ತೇನೆ. ಬೆನ್ನಿನ ತಲೆ ನೋಡಿ, ಮಡಿಕೆ ಕಾಣಬೇಕು. ನಡುವೆ ತೆರೆದು ಮೇಜಿನ ಮೇಲೆ ಬಿಡಿ, ಕೈ ತೆಗೆದರೆ ಮುಚ್ಚಿಕೊಳ್ಳಬಾರದು. ಒಂದು ಹಾಳೆ ಹಿಡಿದು ಬೆನ್ನಿಗೆ ಸಮಾನಾಂತರವಾಗಿ ಬಗ್ಗಿಸಿ, ಆಮೇಲೆ ಅಡ್ಡ ಬಗ್ಗಿಸಿ. ಬೆನ್ನಿನ ದಿಕ್ಕಿಗೆ ಸಲೀಸಾಗಿ ಬಗ್ಗಿದರೆ ಕಾಗದದ ನಾರು ಸರಿಯಾದ ದಿಕ್ಕಿಗಿದೆ. ಅಡ್ಡ ದಿಕ್ಕಿಗೆ ಸಲೀಸಾದರೆ ಕಾಗದ ಉಳಿಸಲು ಹಾಳೆ ತಿರುಗಿಸಿ ಅಚ್ಚು ಮಾಡಿದ್ದಾರೆ, ಮಳೆಗಾಲದಲ್ಲಿ ಆ ಪುಸ್ತಕ ಹಪ್ಪಳದಂತೆ ಅಲೆಯೇಳುತ್ತದೆ. ಒಂದು ಮುಖವನ್ನು ಹತ್ತಿರದಿಂದ ನೋಡಿ, ತುಟಿಯ ಕೆಂಪು ತುಟಿಯ ಗೆರೆಯ ಆಚೆ ಸರಿದಿದ್ದರೆ ಬಣ್ಣದ ಪ್ಲೇಟುಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆ ಹುಡುಕಿ ಓದಿ. ಬಾಗಿಲು ಎಷ್ಟು ಸಲ ಬಡಿಯುತ್ತದೆ ಎಣಿಸಿ. ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಮೂಲಕ ನಮಗೆ ಸಿಗುತ್ತಿದ್ದ ಕನ್ನಡದ ಮಕ್ಕಳ ಪುಸ್ತಕ ಒಂದು ನನ್ನ ಮಗಳ ಕಾಲದ್ದು ಮನೆಯಲ್ಲಿದೆ. ಹೊಲಿದ ಪುಸ್ತಕ. ಮೂರು ಮಕ್ಕಳ ಕೈ ದಾಟಿದೆ, ಇನ್ನೂ ಒಂದು ಹಾಳೆ ಅಲುಗಿಲ್ಲ.

ಇಷ್ಟೆಲ್ಲ ಹೇಳಿದರೂ ಮೊಮ್ಮಗಳ ತಕರಾರು ಒಂದೇ. “ನಂಗ ದಪ್ಪ ಪುಸ್ತಕಾನ ಬೇಕು.” ಮಲಗುವಾಗ ಪಕ್ಕದಲ್ಲಿ ಇಟ್ಟುಕೊಳ್ಳಲು, ಇನ್ನೂ ಎಷ್ಟು ಉಳಿದಿದೆ ಅಂತ ಬೆರಳಿನಿಂದ ಅಳೆಯಲು. ಆ ಆಸೆ ನನಗೆ ಅರ್ಥವಾಗುತ್ತದೆ. ನಾನೂ ದಪ್ಪ ಸಂಪುಟಗಳನ್ನು ಎದೆಗವಚಿಕೊಂಡೇ ಬೆಳೆದವಳು.

ಈ ಬೇಸಿಗೆ ರಜೆಗೆ ಅವಳು ಬರುವ ಮೊದಲು 12 ತೆಳು ಪುಸ್ತಕ ತರಿಸಿದೆ, ಅಗಲ ಎತ್ತರ ಒಂದೇ ಇರುವಂಥವು. ಒಟ್ಟು 600 ರೂಪಾಯಿಯ ಮೇಲಾಯಿತು, ಆ 365 ಕಥೆಯ ಪುಸ್ತಕಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚೇ. ಸೆಂಟರ್ ಪಿನ್ ಪುಸ್ತಕ ಅಂದರೆ ಮಡಚಿಟ್ಟ ಒಂದು ಫಾರಂ ಇದ್ದ ಹಾಗೆ. ಪಿನ್ನು ಬಿಚ್ಚಿ, ಅದೇ ಮಡಿಕೆಯಲ್ಲಿ ಸೂಜಿ ಹಾಯಿಸಿ ಒಂದಕ್ಕೊಂದು ಹೊಲಿದರೆ ಸಂಪುಟ ಆಗುತ್ತದೆ. ದಾರಕ್ಕೆ ಮೇಣ ಸವರಿದೆ. ಕಟಿಂಗ್ ಮಷಿನ್ನಿಗೆ ಕೊಡಲಿಲ್ಲ, ಚಿತ್ರಗಳು ಅಂಚಿನವರೆಗೂ ಇವೆ, ಅಂಚು ಏರುಪೇರಾದರೂ ಇರಲಿ. ಯಾವ ಕಥೆ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅವಳು ಬಂದ ಮೇಲೆ ಅವಳೇ ನೆಲದ ಮೇಲೆ ಹರವಿ ತೀರ್ಮಾನಿಸಿದಳು. ಆನೆಯದು ಮೊದಲು, ಹೆದರಿಕೆಯದು ನಡುವೆ, ನಿದ್ದೆಯದು ಕೊನೆಗೆ. ಎರಡು ದಿನ ಭಾರ ಹೇರಿ ಒಣಗಿಸಿ ರಟ್ಟು ಹಾಕಿದೆ. ಹಳೆ ಇಳಕಲ್ ಸೀರೆಯ ತುಂಡು ಬೆನ್ನಿಗೆ.

ಎಲ್ಲ ಆದ ಮೇಲೆ ಅವಳು ಕೇಳಿದ್ದು, ಗುಬ್ಬಿ ಕಾಗೆ ಎಲ್ಲಿ? ಆ 12ರಲ್ಲಿ ಅದು ಇರಲಿಲ್ಲ. ರಟ್ಟು ಬಿಡಿಸಿ, ಹೊಲಿಗೆಯ ಕೊನೆಯ ಗಂಟು ಬಿಚ್ಚಿ, ದಪ್ಪ ಡ್ರಾಯಿಂಗ್ ಕಾಗದದ ಒಂದು ಖಾಲಿ ಫಾರಂ ಸೇರಿಸಿದೆ, 16 ಪುಟ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ, ಬಾಗಿಲು ಬಡಿದ ಒಂದೊಂದು ಸಲಕ್ಕೆ ಎದುರುಬದುರಿನ ಎರಡು ಪುಟ. ಎಡಕ್ಕೆ ಮಳೆಯಲ್ಲಿ ಕಾಗೆ, ಬಲಕ್ಕೆ ಮನೆಯೊಳಗೆ ಗುಬ್ಬಿ, ಅದರ ಕೂಸು. ಪುಟದಿಂದ ಪುಟಕ್ಕೆ ಕಾಗೆಯ ಕಾಲ ಕೆಳಗಿನ ನೀರು ಒಂದು ಬೆರಳು ಏರುತ್ತಿದೆ, ಅದನ್ನು ನಾನು ಹೇಳಿಕೊಟ್ಟಿಲ್ಲ. ಮೂರನೇ ಸಲದವರೆಗೆ ಬಂದಿದ್ದಾಳೆ. ಕೂಸಿಗೆ ಕಾಡಿಗೆ ಹಚ್ಚುವುದು ನಡೆದಿದೆ, ಬಾಗಿಲು ಇನ್ನೂ ತೆರೆದಿಲ್ಲ.